ಮೂರನೆಯ ಗೆರೆ

ಯಂತ್ರ ಮುಗಿಸುವ ಮುಂಚೆ ಹೇಳಬೇಕೋ, ಮುಗಿಸಿದ ಮೇಲೋ? ಮುಂಚೆ ಹೇಳಿದರೆ ಅದು ತಪ್ಪೊಪ್ಪಿಗೆ, ಆಮೇಲೆ ಹೇಳಿದರೆ ಬರೀ ಸುದ್ದಿ. ಮುಂಚೆಯೇ ಹೇಳಬೇಕು ಎಂದು ಬೆಳಿಗ್ಗೆ ಹಲ್ಲುಜ್ಜುವಾಗ ಅವನು ತೀರ್ಮಾನಿಸಿಕೊಂಡಿದ್ದ. ಈಗ ಪ್ರಯೋಗಾಲಯದಲ್ಲಿ, ಪರದೆಯ ಮೂಲೆಯಲ್ಲಿ ಉಳಿದ ಸಮಯ ಅರವತ್ತೆಂಟು ನಿಮಿಷ ಎಂದು ತೋರಿಸುತ್ತಿರುವಾಗ ಕುರ್ಚಿಯಿಂದ ಏಳಲು ಆಗಲಿಲ್ಲ. ಏಳದೇ ಇರಲು ಕಾರಣಗಳೇನೋ ಇದ್ದವು. ಯಂತ್ರವನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಕರೆಂಟು ಹೋಗಬಹುದು. ಯಾರಾದರೂ ಬಂದು ಮುಚ್ಚಳ ಎತ್ತಿಬಿಡಬಹುದು. ಐದು ವರ್ಷದಲ್ಲಿ ಒಮ್ಮೆಯೂ ಯಾರೂ ಮುಚ್ಚಳ ಎತ್ತಿರಲಿಲ್ಲ. ಯಂತ್ರ ಸಣ್ಣಗೆ ಗುರುಗುಡುತ್ತ ಬಿಸಿಯಾಗುವುದು, ತಣಿಯುವುದು, ಮತ್ತೆ ಬಿಸಿಯಾಗುವುದು ಮಾಡುತ್ತಿತ್ತು. ಅದರ ಮೇಲೆ ಯಾರೋ ಎಂದೋ ಅಂಟಿಸಿದ ಹಳದಿ ಚೀಟಿ, 'ದಯವಿಟ್ಟು ಮೇಲೆ ಟೀ ಲೋಟ ಇಡಬೇಡಿ.' ಅದರ ಕೆಳಗೇ ಲೋಟದ ತಳದ ದುಂಡು ಕಲೆ.

ಯಂತ್ರದೊಳಗಿನ ತಟ್ಟೆಯಲ್ಲಿ ತೊಂಬತ್ತಾರು ಗುಳಿಗಳು, ಒಂದೊಂದೂ ನಾಲ್ಕು ಅಕ್ಕಿಕಾಳು ಹಿಡಿಸುವಷ್ಟು. ಅವುಗಳಲ್ಲಿ ಅವನ ನಾಲ್ಕು ತಿಂಗಳು ಇತ್ತು. ಇಲಿಯ ಭ್ರೂಣದ ಮಿದುಳಿನಿಂದ ತೆಗೆದ ಕೋಶಗಳನ್ನು ಹದಿನಾಲ್ಕು ದಿನ ಸಾಕಿ, ಎರಡು ದಿನಕ್ಕೊಮ್ಮೆ ಕೆಲವನ್ನು ಒಡೆದು, ಒಳಗೆ ಯಾವ ಜೀನು ಎಚ್ಚರವಾಗಿದೆ, ಎಷ್ಟು ಎಚ್ಚರವಾಗಿದೆ ಎಂದು ಅಳೆಯುವುದು ಅವನ ಕೆಲಸ. ಅವನಿಗೆ ಬೇಕಾದದ್ದು ಒಂದೇ ಜೀನು. ಗಂಟಲಿನ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಬೆಳೆಯುತ್ತಿರುವ ಮಿದುಳಿಗೆ ಬಂದು ಮುಟ್ಟಿದಾಗ ಅದನ್ನು ಹಿಡಿದುಕೊಳ್ಳಲು ಕೋಶದೊಳಗೆ ಆ ಜೀನು ತಯಾರಿಸುವ ಒಂದು ಪ್ರೋಟೀನು ಬೇಕು. ಪುಸ್ತಕದ ಭಾಷೆಯಲ್ಲಿ ಅದರ ಹೆಸರು ಗ್ರಾಹಕ. ಮನೆಯಲ್ಲಿ ಇದನ್ನು ವಿವರಿಸಹೋದ ದಿನ, ಮುಂದಿನ ಕೋಣೆಯಲ್ಲಿ ಹೊಲಿಗೆ ಹಾಕುತ್ತಿದ್ದ ಭಾವ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಗ್ರಾಹಕರಾ? ಇದ್ರೆ ನನ್ನ ಅಂಗಡಿಗೂ ಇಬ್ಬರನ್ನ ಕಳಿಸಪ್ಪಾ" ಎಂದಿದ್ದರು. ಅಕ್ಕ ಒಳಗಿನಿಂದಲೇ ನಕ್ಕಿದ್ದಳು. ಅವನಿಗೆ ನಗು ಬಂದಿರಲಿಲ್ಲ. ಮೂವತ್ತೊಂದು ವರ್ಷದ ತಮ್ಮ ಇನ್ನೂ ಓದುತ್ತಲೇ ಇದ್ದಾನೆ ಎಂಬುದನ್ನು ಇಡೀ ಬೀದಿ ತಮಾಷೆಯಾಗಿ ಸಹಿಸಿಕೊಂಡಿರುವಾಗ ಇನ್ನೊಂದು ತಮಾಷೆ ಭಾರವೇನಲ್ಲ, ಆದರೂ.

ಈ ಗ್ರಾಹಕಗಳಲ್ಲಿ ಎರಡು ಬಗೆ. ಒಂದು ಬಗೆಯದು ಮೊದಲ ದಿನದಿಂದಲೂ ಕೋಶದಲ್ಲಿ ಇರುತ್ತದೆ. ಇನ್ನೊಂದು ಹತ್ತನೆಯ ದಿನದ ಹೊತ್ತಿಗೆ ಏಳುತ್ತದೆ. ಅದನ್ನು ಎಬ್ಬಿಸುವವರು ಯಾರು? ಹಾರ್ಮೋನೇ ಬಂದು ತಟ್ಟಿ ಎಬ್ಬಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಎಲ್ಲರೂ ನಂಬಿದ್ದರು. ಅವನು ಕೋಶ ಸಾಕಿದ ತಟ್ಟೆಗಳಲ್ಲಿ ಮಾತ್ರ, ಹಾರ್ಮೋನಿನ ಸುಳಿವೇ ಇಲ್ಲದ ಕಡೆಯೂ, ಹತ್ತನೆಯ ದಿನಕ್ಕೆ ಅದು ಎದ್ದು ಕೂತಿತ್ತು. ಯಾರೂ ಕರೆಯದೆ. ತನ್ನ ಹೊತ್ತಿಗೆ ತಾನು. ಕಳೆದ ವರ್ಷ ಆ ಅಳತೆಯ ನಕ್ಷೆಯನ್ನು ಮೊದಲ ಸಲ ನೋಡಿದಾಗ ಅವನು ಯಾರಿಗೂ ಹೇಳದೆ ಮೆಟ್ಟಿಲ ಬಳಿ ಹೋಗಿ ನಿಂತುಬಿಟ್ಟಿದ್ದ. ಕಣ್ಣು ಹನಿಗೂಡಿತ್ತು. ಜೀವಮಾನದಲ್ಲಿ ಯಾರೂ ಕರೆಯದೆ ತಾನಾಗಿ ಎದ್ದು ನಿಂತು ಮಾತಾಡಿದವನಲ್ಲ ಅವನು.

ಎಲ್ಲ ಇದ್ದದ್ದು ಸೀರಮ್ಮಿನಲ್ಲಿ. ಕೋಶಗಳಿಗೆ ಆಹಾರವಾಗಿ ಹಾಕುವ ಸೀರಮ್ಮು ಕರುವಿನ ರಕ್ತದ ತಿಳಿ, ಅದರಲ್ಲಿ ಹಾರ್ಮೋನು ಇದ್ದೇ ಇರುತ್ತದೆ. ಹಾರ್ಮೋನಿಲ್ಲದ ತಟ್ಟೆ ಬೇಕೆಂದರೆ ಸೀರಮ್ಮಿಗೆ ಇದ್ದಿಲ ಪುಡಿ ಬೆರೆಸಿ, ತಣ್ಣನೆಯ ಕೋಣೆಯಲ್ಲಿ ಗಂಟೆಗಟ್ಟಲೆ ತಿರುಗಿಸಿ, ಸೋಸಿ ತೆಗೆಯಬೇಕು. ಒಂದು ಸಲವಲ್ಲ, ಮೂರು ಸಲ. ಇಪ್ಪತ್ತಾರು ವರ್ಷದಿಂದ ಆ ಕೆಲಸ ಮಾಡಿಕೊಂಡು ಬಂದವರು ಪ್ರಯೋಗಾಲಯದ ಹಿರಿಯ ಸಹಾಯಕಿ. ಅವರ ಅಸಲು ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ, ಎಲ್ಲರ ಬಾಯಲ್ಲೂ ಸೀರಮ್ಮ. ಒಂದು ಸಲ ಸೋಸಿದ ಮೇಲೆ ಬಾಟಲಿಯ ಕತ್ತಿಗೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ಒಂದು ಗೆರೆ ಎಳೆಯುವರು. ಎರಡಕ್ಕೆ ಎರಡು. ಮೂರು ಗೆರೆ ಬಿದ್ದ ಬಾಟಲಿಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹೇಳುವ ಮೊದಲ ಪಾಠವೇ ಅದು: "ನನ್ನ ಸಹಿ ನಂಬಬೇಡಿ, ಸೀರಮ್ಮನ ಗೆರೆ ನಂಬಿ."

ನಲವತ್ತೈದು ನಿಮಿಷ. ಪರದೆಯ ಮೇಲೆ ತೊಂಬತ್ತಾರು ಗುಳಿಗಳ ಗೆರೆಗಳೂ, ಜೀನು ಎಚ್ಚರವಿದ್ದಷ್ಟು ಬೇಗ ಏಳಬೇಕಾದವು, ಒಂದರ ಮೇಲೊಂದು ಮಲಗಿ ಒಂದೇ ಗೆರೆಯ ಹಾಗೆ ಕಾಣುತ್ತಿದ್ದವು. ಅವನು ಎದ್ದ. ಎದ್ದದ್ದು ಧೈರ್ಯದಿಂದಲ್ಲ, ಆ ಮಲಗಿದ ಗೆರೆಯನ್ನು ನೋಡಲಾಗದೆ. ಉದ್ದನೆಯ ಮೊಗಸಾಲೆ, ಎರಡೂ ಕಡೆ ಫ್ರೀಜರುಗಳ ಸಾಲು, ಕೊನೆಯಲ್ಲಿ ಗಾಜು ತೊಳೆಯುವ ಕೋಣೆ. ಆರು ತಿಂಗಳ ಹಿಂದೆ ಒಂದು ದಿನದ ಸಭೆಯ ಮೇಲೆ ಮೇಡಂ ಸೀರಮ್ಮನನ್ನು ಅಲ್ಲಿಗೆ ಹಾಕಿದ್ದರು. ಆ ದಿನದ ಸಭೆಯಲ್ಲಿ, ಪ್ರಯೋಗಾಲಯದಲ್ಲಿ ಎಲ್ಲದಕ್ಕೂ ಎದುರುವಾದ ಹೂಡುವುದರಿಂದ ವಕೀಲ ಎಂದೇ ಕರೆಸಿಕೊಳ್ಳುವ ಅವನ ಸಹಪಾಠಿ ಎದ್ದು ನಿಂತು, "ಉಳಿದಿದ್ದ ಬಾಟಲಿಯೊಂದನ್ನ ಆಸ್ಪತ್ರೆ ಲ್ಯಾಬಲ್ಲಿ ಅಳೆಸಿದೆ. ಮೇಲೆ ಮೂರು ಗೆರೆ ಇದೆ, ಒಳಗೆ ಹಾರ್ಮೋನೂ ಇದೆ. ಕೋಶಗಳನ್ನ ಉಪವಾಸ ಕೂರಿಸಿದೀವಿ ಅಂತೀರಿ, ಅಡುಗೆಮನೆ ಬಾಗಿಲು ತೆರೆದಿಟ್ಟಿದೀರಿ" ಎಂದಾಗ ಎಲ್ಲರೂ ನಕ್ಕಿದ್ದರು. ಮೇಡಂ ನಗಲಿಲ್ಲ. "ಗೆರೆ ಎಳೆದೋರು ಯಾರು?" ಎಂದರು. ಬಾಗಿಲ ಬಳಿ ನಿಂತಿದ್ದ ಸೀರಮ್ಮ ಮುಂದೆ ಬಂದು ಬಾಟಲಿ ಎತ್ತಿಕೊಂಡು, ಕನ್ನಡಕವನ್ನು ಹಣೆಗೇರಿಸಿ ಹತ್ತಿರದಿಂದ ನೋಡಿದರು. ಬಹಳ ಹೊತ್ತು ನೋಡಿದರು. "ನಾನೇ ಇರಬೇಕು" ಎಂದರು. ಆಮೇಲೆ, ಯಾರನ್ನೂ ನೋಡದೆ, "ವಯಸ್ಸಾಯ್ತು ಅನ್ಸುತ್ತೆ." ಅವನು ಆಗ ಪೆನ್ನಿನ ಮುಚ್ಚಳ ನೋಡುತ್ತಿದ್ದ. ನೀಲಿ ಮುಚ್ಚಳ, ತುದಿಯಲ್ಲಿ ಹಲ್ಲಿನ ಗುರುತು. ಇವತ್ತಿಗೂ ಆ ಹಲ್ಲಿನ ಗುರುತುಗಳನ್ನು ಎಣಿಸಿ ಹೇಳಬಲ್ಲ.

ಮೂರನೆಯ ಗೆರೆ ಅವನದು. ಸೀರಮ್ಮ ಎರಡು ಸಲ ಸೋಸಿ, ಎರಡು ಗೆರೆ ಎಳೆದು, ಹಲ್ಲು ಕೀಳಿಸಿಕೊಳ್ಳಲು ಅರ್ಧ ದಿನ ರಜೆ ಹಾಕಿ ಹೊರಟಿದ್ದರು. ಊದಿದ ಕೆನ್ನೆಯನ್ನು ಅಂಗೈಯಲ್ಲಿ ಒತ್ತಿಕೊಂಡು, "ಮೂರನೇದು ನೀನು ಮಾಡಿಬಿಡೋ, ಪುಣ್ಯ ಬರುತ್ತೆ" ಎಂದಿದ್ದರು. ಮಾಡುವವನೇ ಇದ್ದ. ಆದರೆ ಅವತ್ತು ಹೊರಗಿನಿಂದ ಬಂದ ದೊಡ್ಡ ವಿಜ್ಞಾನಿಯೊಬ್ಬರು ವಿದ್ಯಾರ್ಥಿಗಳ ಜೊತೆ ಟೀ ಕುಡಿಯುತ್ತಾರೆಂದು ಸುದ್ದಿ ಬಂತು. ಎಂಟೇ ಕುರ್ಚಿ. ಇದ್ದಿಲು ಬೆರೆಸಿ ಕೂತರೆ ಸಂಜೆಯಾಗುತ್ತದೆ. ಎರಡು ಸಲಕ್ಕೇ ಎಲ್ಲ ಹೋಗಿರುತ್ತದೆ, ಮೂರನೆಯದು ಬರೀ ಶಾಸ್ತ್ರ, ಎಂದು ತನಗೆ ತಾನೇ ಹೇಳಿಕೊಂಡು ಪೆನ್ನು ತೆಗೆದು, ಅವರ ಗೆರೆಯ ಹಾಗೇ ಸ್ವಲ್ಪ ಬಲಕ್ಕೆ ವಾಲಿಸಿ, ಒಂದು ಗೆರೆ ಎಳೆದ. ಅಷ್ಟೇ. ಉಗುರಿನಷ್ಟು ಉದ್ದ. ಓಡಿಹೋಗಿ ಎಂಟನೆಯ ಕುರ್ಚಿ ಹಿಡಿದ. ವಿಜ್ಞಾನಿ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ, ಅವನ ಸರದಿ ಬಂದಾಗ, "ನೀವೇನು ಕೇಳ್ತೀರಿ?" ಎಂದರು. ಅವನು, "ಸಕ್ಕರೆ ಬೇಕಾ ಸಾರ್?" ಎಂದ. ಮನೆಗೆ ಬಂದ ಮೇಲೂ, ಎಷ್ಟೋ ವಾರ, ಸ್ನಾನದ ಮನೆಯಲ್ಲಿ ನೀರು ಸುರಿದುಕೊಳ್ಳುವಾಗ ಆ ಮಾತು ನೆನಪಾಗಿ ಚೊಂಬು ಹಿಡಿದ ಕೈ ನಿಂತುಬಿಡುತ್ತಿತ್ತು. ಗೆರೆ ನೆನಪಾಗುತ್ತಿರಲಿಲ್ಲ. ಅದು ನೆನಪಾದದ್ದು ವಕೀಲ ಬಾಟಲಿಯನ್ನು ಮೇಜಿನ ಮೇಲಿಟ್ಟಾಗ.

ತೊಳೆಯುವ ಕೋಣೆ ಖಾಲಿ ಇತ್ತು. ಬಿಸಿನೀರಿನ ಹಬೆ, ಸೋಪಿನ ವಾಸನೆ, ಬೋರಲು ಹಾಕಿದ ಫ್ಲಾಸ್ಕುಗಳ ಸಾಲು. ಕೊಂಡಿಯಲ್ಲಿ ಅವರ ನೀರು ತೊಟ್ಟಿಕ್ಕುವ ಕೈಗವಸುಗಳು. "ಸೀರಮ್ಮ ಸ್ಟೋರಿಗೆ ಹೋದ್ರು, ಬ್ರಷ್ ತರೋಕೆ" ಎಂದು ಆಚೆ ಹೋಗುತ್ತಿದ್ದ ಯಾರೋ ಹೇಳಿದರು. ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಗಾಯಿತಲ್ಲ ಎಂದು ನಾಚಿಕೆಯೂ ಆಯಿತು. ಹತ್ತು ನಿಮಿಷ ಕಾದ. ಒಂದು ಫ್ಲಾಸ್ಕನ್ನು ಎತ್ತಿ ಬೆಳಕಿಗೆ ಹಿಡಿದ. ಒಂದು ಕಲೆಯಿಲ್ಲ. ಇನ್ನೊಂದು. ಅದರಲ್ಲೂ ಇಲ್ಲ. ತನ್ನ ಕೈಯನ್ನೇ ನಂಬದವರು ಹೀಗೆ ತೊಳೆಯುತ್ತಾರೆ. ಅವನು ಫ್ಲಾಸ್ಕನ್ನು ಇದ್ದಲ್ಲೇ ಇಟ್ಟು ವಾಪಸು ನಡೆದ. ಪರದೆಯನ್ನು ನೋಡುವುದಿಲ್ಲ, ಬಾಗಿಲಲ್ಲೇ ನಿಂತು ಯಂತ್ರದ ಸದ್ದು ಕೇಳಿ ತಿರುಗಿ ಬರುತ್ತೇನೆ, ಎಂದುಕೊಂಡ.

ನೋಡಿದ.

ಉಳಿದ ಸಮಯ ಇಪ್ಪತ್ತಾರು ನಿಮಿಷ. ಗೆರೆಗಳು ಏಳುತ್ತಿದ್ದವು. ಮೊದಲು ಹಾರ್ಮೋನು ಕೊಟ್ಟ ತಟ್ಟೆಗಳವು, ಅವು ಏಳುವುದು ಗೊತ್ತೇ ಇತ್ತು. ಯಂತ್ರ ಬಿಸಿಯಾಗಿ ತಣಿಯುವ ಎರಡೇ ಸುತ್ತು ತಡೆದು ಅವುಗಳ ಹಿಂದೆಯೇ, ಮುಷ್ಟಿ ಬಿಚ್ಚಿಕೊಳ್ಳುವ ಹಾಗೆ, ಹಾರ್ಮೋನಿಲ್ಲದ ತಟ್ಟೆಗಳವು. ಈ ಸಲ ಇದ್ದಿಲನ್ನು ಮೂರು ಸಲವೂ ಅವನೇ ತಿರುಗಿಸಿದ್ದ, ಪ್ರತಿ ಸಲವೂ ಅಳೆಸಿದ್ದ. ಅದೂ ಸಾಲದೆಂದು ಅರ್ಧ ತಟ್ಟೆಗಳಿಗೆ ಸೀರಮ್ಮನ್ನೇ ಹಾಕದೆ, ಲೆಕ್ಕ ಹಿಡಿದು ಬೆರೆಸಿದ ಉಪ್ಪು, ಸಕ್ಕರೆ, ಜೀವಸತ್ವಗಳ ನೀರಿನಲ್ಲೇ ಕೋಶಗಳನ್ನು ಸಾಕಿದ್ದ. ಅವೂ ಎದ್ದವು. ಅವನು ಪರದೆಗೆ ಮೂಗು ತಾಗುವಷ್ಟು ಬಾಗಿ ಸಾಕ್ಷಿಗಾಗಿ ಇಟ್ಟುಕೊಂಡಿದ್ದ ಇನ್ನೊಂದು ಜೀನನ್ನು ಹುಡುಕಿದ. ಹಾರ್ಮೋನಿನ ಒಂದು ಹನಿ ಸೋಂಕಿದರೂ ಕೂಗಿಕೊಳ್ಳುವ ಚಾಡಿಕೋರ ಜೀನು ಅದು. ಹಾರ್ಮೋನಿದ್ದ ಕಡೆ ಕೂಗುತ್ತಿತ್ತು. ಇಲ್ಲದ ಕಡೆ ಗಾಢ ನಿದ್ದೆ. ಹಾಗಾದರೆ ಅಲ್ಲಿ ಹಾರ್ಮೋನು ಇರಲಿಲ್ಲ. ಹಾಗಾದರೆ ಗ್ರಾಹಕ ತಾನಾಗಿಯೇ ಎದ್ದಿತ್ತು. ಯಾರೂ ತಟ್ಟದೆ, ಯಾರಿಗೂ ಕಾಯದೆ, ಬರಲಿರುವವರಿಗೆಂದು ಮುಂಚಿತವಾಗಿಯೇ ಬಾಗಿಲು ತೆರೆದು. ಅವನು ಜೋರಾಗಿ "ಹೌದು!" ಎಂದ. ಖಾಲಿ ಕೋಣೆಯಲ್ಲಿ ತನ್ನದೇ ದನಿ ಕೇಳಿ ಬೆಚ್ಚಿದ. ಇನ್ನೊಮ್ಮೆ ಹೇಳಿದ. ನಾಲ್ಕು ತಿಂಗಳಲ್ಲ, ಐದು ವರ್ಷ ಒಳಗೆ ಮಡಚಿಟ್ಟುಕೊಂಡಿದ್ದ ಏನೋ ಬೆನ್ನುಮೂಳೆಯುದ್ದಕ್ಕೂ ಬಿಚ್ಚಿಕೊಂಡು ನೆಟ್ಟಗಾಯಿತು. ತಾನು ಎತ್ತರದವನು ಎಂಬುದು ಅವನಿಗೆ ಆಗಲೇ ಹೊಳೆದದ್ದು.

ಮೊಗಸಾಲೆಯಲ್ಲಿ ಈ ಸಲ ಕಾಲುಗಳು ತಾವಾಗಿ ನಡೆದವು. ಸೀರಮ್ಮ ಹೊಸ ಬ್ರಷ್ಷಿನ ಕಟ್ಟು ಬಿಚ್ಚುತ್ತಿದ್ದರು.

"ಅಕ್ಕಾ, ಒಂದು ಮಾತು."

"ಹೇಳು. ನಿಂತೇ ಹೇಳು, ಆ ಸ್ಟೂಲು ಒದ್ದೆ."

"ಆ ಬಾಟಲಿ… ಮೂರನೇ ಗೆರೆ ನಾನು ಎಳೆದಿದ್ದು. ಇದ್ದಿಲು ಹಾಕ್ಲೇ ಇಲ್ಲ. ನೀವು ಹಲ್ಲು ಕೀಳಿಸೋಕೆ ಹೋಗಿದ್ರಲ್ಲ, ಅವತ್ತು."

ಅವರು ಬ್ರಷ್ಷನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ನಲ್ಲಿ ಸುರಿಯುತ್ತಲೇ ಇತ್ತು. ಕೈ ಚಾಚಿ ಅದನ್ನು ನಿಲ್ಲಿಸಿದರು.

"ಅಂದ್ರೆ ನಾನು ಮರೆತಿರಲಿಲ್ಲ?"

"ಇಲ್ಲ."

"ಆರು ತಿಂಗಳು ಕಣೋ," ಅಂದರು, ದನಿ ತಗ್ಗಿಸಿ. "ಆರು ತಿಂಗಳು. ಮನೇಲಿ ಗ್ಯಾಸ್ ಆಫ್ ಮಾಡಿದ್ನಾ ಅಂತ ಮೂರ್ಮೂರು ಸಲ ವಾಪಸ್ ಹೋಗಿ ನೋಡ್ತಿದ್ದೆ. ಬೀಗ ಹಾಕಿ ಅರ್ಧ ದಾರಿಗೆ ಹೋಗಿ ತಿರುಗಿ ಬರ್ತಿದ್ದೆ. ನನ್ನ ಮಗಳು ಮರೆವಿನ ಡಾಕ್ಟರ್ ಹತ್ರ ಕರ್ಕೊಂಡು ಹೋದ್ಲು. ಅವನು ನನ್ನ ಮುಂದೆ ಚಿತ್ರ ಇಟ್ಟು, ಇದು ಏನು ಹೇಳಿ ಅಮ್ಮಾ ಅಂತಾನೆ. ಒಂಟೆ! ಒಂಟೆ ಅಂತ ಗೊತ್ತಿಲ್ವಾ ನನಗೆ?" ಬ್ರಷ್ಷು ಅವನ ಎದೆಯವರೆಗೂ ಬಂತು. "ಬಾಯಿಲ್ಲದ ಹುಡುಗ, ಪಾಪ ಅಂದ್ಕೊಂಡಿದ್ನಲ್ಲ. ಬಾಯಿ ಇಟ್ಕೊಂಡೇ ಮುಚ್ಕೊಂಡಿದ್ದೆ ನೀನು."

ಬೈಗುಳ ಅವನ ಮೈಮೇಲೆ ಬಿಸಿನೀರಿನಂತೆ ಬೀಳುತ್ತಿತ್ತು. ಆಶ್ಚರ್ಯವೆಂದರೆ ಸುಡುತ್ತಿರಲಿಲ್ಲ. ಇಪ್ಪತ್ತು ನಿಮಿಷ ಮುಂಚೆ ಸಿಕ್ಕಿದ್ದರೆ ಸುಡುತ್ತಿತ್ತೇ? ಸಿಕ್ಕಿದ್ದರೆ ಹೇಳುತ್ತಿದ್ದನೇ? ಹೇಳುತ್ತಿದ್ದೆ ಎಂದು ಒಂದು ದನಿ. ಬ್ರಷ್ ಸರಿಯಾಗಿ ಸಿಗ್ತಾ ಅಕ್ಕಾ ಎಂದು ಕೇಳಿ ಬಂದುಬಿಡುತ್ತಿದ್ದೆ ಎಂದು ಇನ್ನೊಂದು. ಎರಡೂ ತನ್ನದೇ ದನಿ.

ಸೀರಮ್ಮನ ಕೈ ಇದ್ದಕ್ಕಿದ್ದಂತೆ ಇಳಿಯಿತು. "ಇವತ್ತು ತಾನೇ ನಿನ್ನ ದೊಡ್ಡ ಅಳತೆ? ಫಲಿತಾಂಶ ಬಂತಾ?"

"ಯಂತ್ರ ಇನ್ನೂ ಮುಗಿಸಿಲ್ಲ" ಎಂದ. ಅದು ನಿಜವೇ ಆಗಿತ್ತು. ಇನ್ನೂ ಹದಿನೈದು ನಿಮಿಷ ಇದ್ದಿರಬೇಕು.

ಅವರು ಅವನನ್ನೇ ನೋಡಿದರು. ಮುಖದ ಗಂಟು ಒಂದೊಂದಾಗಿ ಸಡಿಲವಾಯಿತು. "ಏನಾಗುತ್ತೋ ಗೊತ್ತಿಲ್ದೇ ಬಂದು ಹೇಳಿದ್ಯಾ? ಕೆಟ್ಟದಾಗಿ ಬಂದ್ರೆ ಎಲ್ಲಾ ನಿನ್ನ ತಲೆ ಮೇಲೇ ಬೀಳುತ್ತಲ್ಲೋ." ಅವನು ಬಾಯಿ ತೆರೆದ, ಅವರು ಬಿಡಲಿಲ್ಲ. "ಆಯ್ತು, ಈಗ ಅಳಬೇಡ. ಮೂರು ಗಂಟೆಗೆ ಮೀಟಿಂಗಲ್ಲಿ ಇದನ್ನೇ ಎಲ್ಲರ ಮುಂದೆ ಹೇಳ್ತೀಯ. ಗೊಣಗೋದಲ್ಲ. ನನಗೆ ಕೇಳಿಸೋ ಹಾಗೆ. ಬಾಗಿಲ ಹತ್ರ ನಿಂತಿರ್ತೀನಿ."

ಮೂರು ಗಂಟೆಗೆ ಅವನು ಇಪ್ಪತ್ತೆರಡು ಜನರ ಮುಂದೆ ನಿಂತ. ಮೊದಲ ಚಿತ್ರವನ್ನು ಗೋಡೆಯ ಮೇಲೆ ಹಾಕಿದ. ವಕೀಲ ಎರಡನೆಯ ನಿಮಿಷಕ್ಕೇ ಕೈ ಎತ್ತಿದ. "ಸೀರಮ್ಮು ಶುದ್ಧ ಅನ್ನೋಕೆ ಏನು ಸಾಕ್ಷಿ?" ಅವನು ಸಾಕ್ಷಿಯನ್ನು ತೋರಿಸಿದ, ನಿದ್ದೆ ಹೋದ ಚಾಡಿಕೋರನನ್ನು. "ಅದು ಕೆಟ್ಟುಹೋಗಿರಬಹುದಲ್ಲ?" ಹಾರ್ಮೋನಿದ್ದ ಕಡೆ ಅದೇ ಜೀನು ಕೂಗಿಕೊಂಡದ್ದನ್ನು ತೋರಿಸಿದ. "ಸೀರಮ್ಮೇ ಹಾಕದೆ ನೋಡಬೇಕಿತ್ತು" ಎಂದ ವಕೀಲ, ಗೆದ್ದ ದನಿಯಲ್ಲಿ. ಅವನು ಒಂದು ಕ್ಷಣ ತಡೆದು, ಅದನ್ನು ಸವಿದು, ಮುಂದಿನ ಚಿತ್ರ ಹಾಕಿದ. ಕೋಣೆಯಲ್ಲಿ ಯಾರೋ ಸಿಳ್ಳೆ ಹೊಡೆದರು. ವಕೀಲ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, "ಕಕ್ಷಿದಾರ ಕೈ ಎತ್ತಿದಾನೆ. ನನ್ನ ಹತ್ರ ಇನ್ನು ವಾದ ಇಲ್ಲ" ಎಂದು ಕೂತ.

ಮೇಡಂ ಮಾತ್ರ ಮುಂದಕ್ಕೆ ಬಾಗಿ, "ಹಾರ್ಮೋನೇ ಬರದೆ ಇರೋವಾಗ ಕೋಶ ಯಾಕೆ ಇಷ್ಟು ಕಷ್ಟಪಡುತ್ತೆ?" ಎಂದರು. ಪುಸ್ತಕದ ಉತ್ತರವೊಂದು ಸಿದ್ಧವಿತ್ತು. ಅದು ಬರಲಿಲ್ಲ. "ನಮ್ಮ ಭಾವ ದರ್ಜಿ, ಮೇಡಂ. ಇದನ್ನ ಅವರ ಹತ್ರ ಕೇಳಿದ್ದೆ. ಕಾಜಾ ಮಾಡೋನು ಗುಂಡಿ ಬರ್ಲಿ ಅಂತ ಕಾಯ್ಕೊಂಡು ಕೂರ್ತಾನಾ, ಮೊದಲು ಕಾಜಾ ಕತ್ತರಿಸಿ ಹೊಲೀತಾನೆ, ಅದನ್ನ ನೋಡ್ಕೊಂಡು ಗುಂಡಿ ಹಾಕ್ತಾನೆ ಅಂದ್ರು. ನಮ್ಮಕ್ಕ, ಗುಂಡಿ ಬರದೇ ಹೋದ್ರೆ ಅಂತ ಕೇಳಿದ್ಲು. ಬರದೇ ಹೋದ್ರೆ ತೂತು ಕಣೇ ಅಂದ್ರು." ನಗು ಗೋಡೆಗೆ ಬಡಿದು ವಾಪಸು ಬಂತು. ಮೇಡಂ ನಗುತ್ತಲೇ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆಮೇಲೆ ಅವರ ನಗು ನಿಂತು, ಬರೆದದ್ದನ್ನೇ ನೋಡುತ್ತ, "ತೂತು" ಎಂದು ಮೆಲ್ಲಗೆ ಅಂದರು. "ಹಾರ್ಮೋನು ಸಿಗದ, ಗುಂಡಿ ಬರದ ಮಕ್ಕಳ ಮಿದುಳಲ್ಲಿ ಆಗೋದು ಅದೇ ಇರಬೇಕು. ನಿಮ್ಮ ಮುಂದಿನ ಕೆಲಸ ಸಿಕ್ತು ನೋಡಿ."

ಚಪ್ಪಾಳೆ ತಾನಾಗಿ ಶುರುವಾಯಿತು. ಅದು ಮುಗಿಯುವ ತನಕ ಅವನು ಕಾದ. "ಇನ್ನೊಂದು ವಿಷಯ" ಎಂದ. ಹೇಳಿದ. ಗೊಣಗಲಿಲ್ಲ. ಇದ್ದಿಲು, ಗೆರೆ, ಟೀ, ಎಂಟನೆಯ ಕುರ್ಚಿ, ಸಕ್ಕರೆ ಬೇಕಾ ಸಾರ್ ಎಂದದ್ದನ್ನೂ ಬಿಡದೆ. ಯಾರೂ ನಗಲಿಲ್ಲ. ಮೇಡಂ ಕುರ್ಚಿಯಿಂದ ಎದ್ದು, ಅವನನ್ನು ದಾಟಿ, ಬಾಗಿಲವರೆಗೂ ಹೋದರು. "ಇಪ್ಪತ್ತಾರು ವರ್ಷ ನಿಮ್ಮ ಗೆರೆ ನಂಬಿ ಅಂತ ಎಲ್ಲರಿಗೂ ಹೇಳಿದೆ. ನಾನೇ ನಂಬಲಿಲ್ಲ. ತಪ್ಪಾಯ್ತು." ಸೀರಮ್ಮ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡರು. ಮೇಡಂ ಅವನತ್ತ ತಿರುಗಿದರು. "ಹಳೇ ಅಂಕಿ ಅಷ್ಟೂ ತೆಗೆದುಹಾಕಿ. ಯಾಕೆ ತೆಗೆದ್ವಿ ಅಂತ ಪೇಪರಲ್ಲಿ ಬರೀರಿ, ನಿಮ್ಮ ಕೈಯಾರೆ. ನಾಳೆಯಿಂದ ಸೀರಮ್ಮ ಮತ್ತೆ ತಮ್ಮ ಹಳೇ ಜಾಗದಲ್ಲಿ."

"ಹಾಗಾದ್ರೆ ಗಾಜು ಯಾರು ತೊಳೀತಾರೆ?" ಎಂದರು ಸೀರಮ್ಮ.

"ನೀವೇ ಹೇಳಿ."

"ಇವನು. ಆರು ತಿಂಗಳು. ಒಂದು ಕಲೆ ಕಂಡ್ರೆ ಏಳು ತಿಂಗಳು."

ಈ ಸಲ ನಕ್ಕವರಲ್ಲಿ ಅವನೂ ಇದ್ದ. ಆದರೆ ಸೀರಮ್ಮನ ಮಾತು ಮುಗಿದಿರಲಿಲ್ಲ. ಎಲ್ಲರತ್ತ ಬೆರಳು ತೋರಿಸಿ, "ನಗೋರು ಒಂದು ಕೇಳ್ಕೊಳ್ಳಿ. ಇವನು ನನ್ನ ಹತ್ರ ಬಂದಾಗ ಯಂತ್ರ ಇನ್ನೂ ಓಡ್ತಿತ್ತು. ಗೆಲ್ತೀನೋ ಸೋಲ್ತೀನೋ ಗೊತ್ತಿರಲಿಲ್ಲ ಇವನಿಗೆ. ನಿಮ್ಮಲ್ಲಿ ಯಾರಿಗಿದೆ ಆ ಎದೆ?" ಎಂದರು. ವಕೀಲ ಎಲ್ಲರಿಗಿಂತ ಮೊದಲು ಎದ್ದು ಬಂದು ಅವನ ಕೈ ಹಿಡಿದು ಕುಲುಕಿದ. ಹೊರಗೆ ಮಧ್ಯಾಹ್ನದ ಬಿಸಿಲು ಎದುರು ಕಟ್ಟಡದ ಗಾಜಿಗೆ ತಾಗಿ ಇಡೀ ಕೋಣೆಗೆ ಬರುತ್ತಿತ್ತು, ಗೋಡೆಯ ಮೇಲಿನ ಗೆರೆಗಳು ಆ ಬೆಳಕಿನಲ್ಲಿ ಮಾಸಿದರೂ ಏರುತ್ತಲೇ ಇದ್ದಂತೆ ಕಂಡವು. ಅವನು ಗೆದ್ದಿದ್ದ. ಕೋಶಗಳ ಮಾತು ನಿಜವಾಗಿತ್ತು, ಸೀರಮ್ಮನ ಕೈ ಸೀರಮ್ಮನಿಗೆ ಮರಳಿತ್ತು, ಅವನ ದನಿ ಬಾಗಿಲವರೆಗೂ ಕೇಳಿಸಿತ್ತು. ಇದರಲ್ಲಿ ಯಾವುದೂ ಸುಳ್ಳಲ್ಲ.

ಆಮೇಲೆ ಸೀರಮ್ಮನ ಆ ಮಾತು, ಗೆಲುವೋ ಸೋಲೋ ಗೊತ್ತಿಲ್ಲದೆಯೇ ಬಂದು ಹೇಳಿದ ಎಂಬುದು, ಪ್ರಯೋಗಾಲಯದಲ್ಲಿ ಉಳಿದುಹೋಯಿತು. ಹೊಸಬರು ಬಂದಾಗ ಸೀರಮ್ಮ ಅವನನ್ನು ತೋರಿಸಿ ಹೇಳುವರು. ಅವನು ಫ್ಲಾಸ್ಕು ತೊಳೆಯುತ್ತ ಕೇಳಿಸಿಕೊಳ್ಳುವನು. ಆರು ತಿಂಗಳು ಕಳೆದವು, ಪೇಪರು ಅಚ್ಚಾಯಿತು, ಕಾಜಾದ ಮಾತಿಗೆ ಭಾವನ ಹೆಸರೂ ಕೃತಜ್ಞತೆಯ ಸಾಲಿನಲ್ಲಿ ಬಂತು.

ಅವರ ಬಳಿ ಹೋಗುವ ಮುಂಚೆ ತಾನು ಪರದೆ ನೋಡಿದ್ದೆ ಎಂದು ಅವನು ಸೀರಮ್ಮನಿಗೆ ಹೇಳಲೇ ಇಲ್ಲ.